ಎಪಿ ಲ್ಯಾಂಗ್ ಪ್ರಬಂಧ: ಅಲಂಕಾರ ಎಲ್ಲ ಗುರುತಿಸುತ್ತಾಳೆ, ಆದರೂ 6ಕ್ಕೆ 3 ದಾಟುತ್ತಿಲ್ಲ

ಫ್ರಿಸ್ಕೋ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಹನ್ನೊಂದನೇ ಕ್ಲಾಸ್, ಟೆಕ್ಸಸ್‌ನ ಪಬ್ಲಿಕ್ ಸ್ಕೂಲ್. ಈ ವರ್ಷ ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್ (ಎಪಿ ಲ್ಯಾಂಗ್, ಹೈಸ್ಕೂಲಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ತೆಗೆದುಕೊಂಡಿದ್ದಾಳೆ. ಮೇ ತಿಂಗಳಲ್ಲಿ ಪರೀಕ್ಷೆ. ಕ್ಯಾಲ್ಕುಲಸ್, ಫಿಸಿಕ್ಸ್ ಆದರೆ ನಾನೋ ನಮ್ಮವರೋ ಕೂತು ಹೇಳಿಕೊಡಬಹುದು. ಇದರ ತಲೆಬುಡ ಮಾತ್ರ ಇಬ್ಬರಿಗೂ ಗೊತ್ತಾಗುತ್ತಿಲ್ಲ.

ಮಲ್ಟಿಪಲ್ ಚಾಯ್ಸ್ ಚೆನ್ನಾಗಿಯೇ ಮಾಡುತ್ತಾಳೆ. ಕಷ್ಟ ಇರುವುದು ಪ್ರಬಂಧಗಳಲ್ಲಿ. ಸಿಂಥೆಸಿಸ್ (ಕೊಟ್ಟ ಸೋರ್ಸ್‌ಗಳನ್ನು ಬಳಸಿ ವಾದಿಸುವುದು), ರೆಟರಿಕಲ್ ಅನಾಲಿಸಿಸ್ (ಬರೆದವರು ಓದುಗರನ್ನು ಹೇಗೆ ಒಪ್ಪಿಸುತ್ತಾರೆ ಅಂತ ಬಿಡಿಸುವುದು), ಆರ್ಗ್ಯುಮೆಂಟ್ (ಸ್ವಂತ ವಾದ), ಮೂರರಲ್ಲೂ 6ಕ್ಕೆ 3. ಹೋದ ವಾರ ಕ್ಲಾಸಲ್ಲಿ 2019ರ ಹಳೇ ಪ್ರಶ್ನೆ ಕೊಟ್ಟಿದ್ದರಂತೆ. ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರದ ಕೊನೆಯ ಭಾಗ. ನಮ್ಮ ಗಾಂಧಿ ಅಲ್ವಾ, ಇದರಲ್ಲಾದರೂ ಜಾಸ್ತಿ ಬರುತ್ತದೆ ಅಂದುಕೊಂಡಿದ್ದೆ. ಥೀಸಿಸ್‌ಗೆ (ಪ್ರಬಂಧದ ಮುಖ್ಯ ವಾದ) 1, ಎವಿಡೆನ್ಸ್ ಮತ್ತು ಕಾಮೆಂಟರಿಗೆ (ಆಧಾರ ಮತ್ತು ಅದರ ವಿವರಣೆ) 2, ಸೊಫಿಸ್ಟಿಕೇಶನ್‌ಗೆ ಸೊನ್ನೆ. ಅದೇ 3.

ಪ್ರಬಂಧ ನಾನೂ ಓದಿದೆ. ಈಥೋಸ್‌ಗೆ (ಬರೆದವರ ಮೇಲೆ ಹುಟ್ಟುವ ನಂಬಿಕೆ) ಒಂದು ಪ್ಯಾರಾ, ಪೇಥೋಸ್‌ಗೆ (ಭಾವನೆ ಮುಟ್ಟುವುದು) ಒಂದು ಪ್ಯಾರಾ, ಪುನರಾವರ್ತನೆಗೆ ಒಂದು. ಪತ್ರದಿಂದ ಸಾಲು ಎತ್ತಿ ಕೊಟ್ಟಿದ್ದಾಳೆ. ಇಂಗ್ಲಿಷ್ ನನಗಿಂತ ಎಷ್ಟೋ ಚೆನ್ನಾಗಿದೆ. ಟೀಚರ್ ಮಾತ್ರ ಪಕ್ಕದಲ್ಲಿ ನಾಲ್ಕು ಕಡೆ "ಅದರಿಂದ ಏನಾಯಿತು?" ಅಂತ ಬರೆದು ಬಿಟ್ಟಿದ್ದಾರೆ.

ವೊಕ್ಯಾಬುಲರಿ ಸಾಲದಾ? ಕೋಚಿಂಗ್ ಹಾಕಬೇಕಾ? ಮಕ್ಕಳು ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಕ್ಲಾಸ್‌ರೂಮ್_ಕನ್ನಡತಿ

ನಮಸ್ಕಾರ. ನ್ಯೂಜೆರ್ಸಿಯಲ್ಲಿ ಹೈಸ್ಕೂಲ್ ಇಂಗ್ಲಿಷ್ ಟೀಚರ್, ಈ ಕೋರ್ಸನ್ನೇ ಪಾಠ ಮಾಡುತ್ತೇನೆ. ಮೊದಲು ಸಮಾಧಾನ ಮಾಡಿಕೊಳ್ಳಿ. ಓದಿ ಬರೆಯುವ ಮಕ್ಕಳಲ್ಲಿ ಬಹಳಷ್ಟು ಜನ ನಿಲ್ಲುವುದೇ ಈ 1-2-0ದಲ್ಲಿ.

ಲೆಕ್ಕ ನೋಡಿ. ಥೀಸಿಸ್‌ಗೆ 1, ಎವಿಡೆನ್ಸ್-ಕಾಮೆಂಟರಿಗೆ 4, ಸೊಫಿಸ್ಟಿಕೇಶನ್‌ಗೆ 1. ಮೂರೂ ಪ್ರಬಂಧಕ್ಕೆ ಇದೇ ಅಳತೆ. ಅಂದರೆ 6ರಲ್ಲಿ 4 ಒಂದೇ ಕಡೆ ಇದೆ. ನಿಮ್ಮ ಮಗಳಿಗೆ ಥೀಸಿಸ್ ಬಂದಿದೆ, ಸಾಲು ಆರಿಸುವುದೂ ಬಂದಿದೆ. ಆರಿಸಿದ ಸಾಲು ತನ್ನ ವಾದಕ್ಕೆ ಹೇಗೆ ಆಧಾರ ಅಂತ ಬಿಡಿಸಿ ಹೇಳುವುದು ಬಾಕಿ. ಸಾಕ್ಷಿಯನ್ನು ಕೋರ್ಟಿಗೆ ಕರೆಸಿ, ಒಂದು ಪ್ರಶ್ನೆಯನ್ನೂ ಕೇಳದೆ ವಾಪಸ್ ಕಳಿಸಿದ ಹಾಗಾಗಿದೆ. ವೊಕ್ಯಾಬುಲರಿಗೂ ಇದಕ್ಕೂ ಸಂಬಂಧ ಇಲ್ಲ.

ಆ ಪತ್ರದ ಕೊನೆಯ ಭಾಗವನ್ನೇ ತೆಗೆದುಕೊಳ್ಳಿ. ಇದು ಬೆದರಿಕೆಯಲ್ಲ ಅನ್ನುತ್ತಾರೆ ಗಾಂಧಿ. ಆದರೆ ನೀವು ಸ್ಪಂದಿಸದಿದ್ದರೆ ಮಾರ್ಚ್ 11ಕ್ಕೆ ಆಶ್ರಮದ ಜೊತೆಗಾರರನ್ನು ಕರೆದುಕೊಂಡು ಉಪ್ಪಿನ ಕಾನೂನು ಮುರಿಯಲು ಹೊರಡುತ್ತೇನೆ ಅಂತ ತಾರೀಖನ್ನೂ ಕೊಡುತ್ತಾರೆ. ನನ್ನನ್ನು ಬಂಧಿಸಿ ಇದನ್ನು ತಡೆಯಲು ನಿಮಗೆ ಸಾಧ್ಯವಿದೆ ಅಂತಲೂ ಸೇರಿಸುತ್ತಾರೆ. ಆಮೇಲೆ ಸಾವಿರಾರು ಜನ ಶಿಸ್ತಿನಿಂದ ಈ ಕೆಲಸ ಮುಂದುವರಿಸುತ್ತಾರೆ ಅನ್ನುವ ಭರವಸೆ.

3ರ ಮಟ್ಟದ ಹುಡುಗಿ ಇಲ್ಲಿ "ಗಾಂಧಿ ಗೌರವದ ಧಾಟಿ ಬಳಸಿದ್ದಾರೆ, ಇದರಿಂದ ಈಥೋಸ್ ಹೆಚ್ಚುತ್ತದೆ" ಅಂತ ಬರೆದು ಮುಂದಕ್ಕೆ ಹೋಗುತ್ತಾಳೆ. 5ರ ಹುಡುಗಿ ಕೇಳಿಕೊಳ್ಳುವುದೇ ಬೇರೆ. ಓದುತ್ತಿರುವವನು ಯಾರು? ವೈಸ್‌ರಾಯ್. ಪೊಲೀಸು, ಜೈಲು ಎಲ್ಲ ಅವನ ಕೈಯಲ್ಲಿದೆ. ಬಂಧಿಸಬಹುದು ಅಂತ ಗಾಂಧಿಯೇ ಮೊದಲು ಹೇಳಿಬಿಟ್ಟರೆ ಆ ಬಂಧನದ ಬಲ ಎಲ್ಲಿ ಉಳಿಯಿತು? ಬಂಧಿಸಿದರೆ ಗಾಂಧಿ ಹೇಳಿದಂತೆಯೇ ಆಯಿತು, ಬಿಟ್ಟರೆ ಕಾನೂನು ಮುರಿಯಿತು. ಸ್ನೇಹಿತನ ಹಾಗೆ ಬರೆದಿರುವುದರಿಂದ ಸಿಟ್ಟಿನಲ್ಲಿ ಉತ್ತರ ಕೊಟ್ಟರೆ ಇರ್ವಿನ್ನೇ ಒರಟನಂತೆ ಕಾಣುತ್ತಾನೆ. ಇಷ್ಟು ಬಿಡಿಸಿ ಹೇಳಿದರೆ ಕಾಮೆಂಟರಿ ಆಯಿತು. ಇದರಲ್ಲಿ ಒಂದು ಗ್ರೀಕ್ ಪದವೂ ಬೇಕಾಗಲಿಲ್ಲ ಗಮನಿಸಿ.

ಈಥೋಸ್, ಪೇಥೋಸ್, ಲೋಗೋಸ್ (ತರ್ಕ) ಅಂತ ಮೂರು ಪ್ಯಾರಾ ಮಾಡುವುದನ್ನು ನಮ್ಮ ಕ್ಲಾಸಲ್ಲಿ ನಾನು ಬಿಡಿಸಿಯೇ ಬಿಡುತ್ತೇನೆ. ಪತ್ರ ಸಾಗಿದ ದಾರಿಯಲ್ಲೇ ಹೋಗಿ. ಮೊದಲು ಏನು ಮಾಡಿದರು, ಆಮೇಲೆ ಎಲ್ಲಿ ತಿರುಗಿದರು, ಯಾಕೆ ಆ ಜಾಗದಲ್ಲೇ ತಿರುಗಿದರು. ಹಾಗೆ ಹೋದರೆ ತರ್ಕದ ಸರಣಿ ತಾನಾಗಿ ಬರುತ್ತದೆ.

ಡಿಬೇಟ್_ಅಪ್ಪ

ಕ್ಲಾಸ್‌ರೂಮ್ ಮೇಡಂ ಹೇಳಿದ್ದು ಸರಿ. ಆದರೆ 40 ನಿಮಿಷದಲ್ಲಿ 16 ವರ್ಷದ ಮಗು ಅಷ್ಟೆಲ್ಲ ಯೋಚಿಸುತ್ತದಾ? ನನ್ನ ಮಗನಿಗೆ ನಾನು ಟೆಂಪ್ಲೇಟ್ ಕೊಟ್ಟೆ. ಪೀಠಿಕೆ, ಥೀಸಿಸ್, ಮೂರು ಪ್ಯಾರಾ, ಪ್ರತಿ ಪ್ಯಾರಾಗೂ ಒಂದು ಹೇಳಿಕೆ, ಎರಡು ಆಧಾರ, ಒಂದೊಂದು ಆಧಾರಕ್ಕೂ ಎರಡು ವಾಕ್ಯ ವಿವರಣೆ. ಕೊನೆಗೆ ಉಪಸಂಹಾರ. ಪೂರ್ತಿ ಪರೀಕ್ಷೆಯಲ್ಲಿ ಅವನಿಗೆ 5ಕ್ಕೆ 4 ಬಂತು, ಕಾಲೇಜಲ್ಲಿ ಕ್ರೆಡಿಟ್ಟೂ ಸಿಕ್ಕಿತು. ಎಂಜಿನಿಯರಿಂಗ್ ಮಾಡುವವನಿಗೆ ಇನ್ನೇನು ಬೇಕು? ಸುಮ್ನೆ ಸಾಹಿತ್ಯ ಮಾಡಲು ಹೋಗಿ ಟೈಮ್ ಮುಗಿಸಿಕೊಂಡ ಮಕ್ಕಳನ್ನೂ ನೋಡಿದ್ದೇನೆ.

ಮಲ್ನಾಡ್_ಮೇಷ್ಟ್ರು

ನಾನು ನಿವೃತ್ತ ಕನ್ನಡ ಮೇಷ್ಟ್ರು, ಶಿವಮೊಗ್ಗ ಕಡೆಯವನು. ಈಗ ಫ್ರೀಮಾಂಟ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗನೂ ಇದೇ ಪರೀಕ್ಷೆಗೆ ಕೂರುತ್ತಿದ್ದಾನೆ, ಹಾಗಾಗಿ ಈ ಚರ್ಚೆ ಆಸಕ್ತಿಯಿಂದ ಓದಿದೆ.

ಫ್ರಿಸ್ಕೋ ತಾಯಿ, ನಿಮ್ಮ ಮಗಳು ಮಾಡಿದ್ದನ್ನೇ ನಾವು ಎಸ್‌ಎಸ್‌ಎಲ್‌ಸಿ ಮಕ್ಕಳಿಂದ ವರ್ಷಗಟ್ಟಲೆ ಮಾಡಿಸಿದ್ದೇವೆ. ಅಲಂಕಾರ ಹೆಸರಿಸಿ, ಸಮನ್ವಯಿಸಿ. ಉಪಮೇಯ ಇದು, ಉಪಮಾನ ಇದು, ವಾಚಕ ಪದ ಇದು, ಸಮಾನ ಧರ್ಮ ಇದು, ಆದ್ದರಿಂದ ಇದು ಪೂರ್ಣೋಪಮಾಲಂಕಾರ. ಅಂಕ ಗ್ಯಾರಂಟಿ. ಕವಿ ಅದನ್ನು ಯಾಕೆ ಅಲ್ಲಿ ತಂದ ಅಂತ ಯಾವ ಪತ್ರಿಕೆಯೂ ಕೇಳಲಿಲ್ಲ. ಅಪ್ಪ ಅಮ್ಮಂದಿರು ಅದೇ ರೂಢಿಯಲ್ಲಿ ಬೆಳೆದವರು, ಮಕ್ಕಳಿಗೂ ಅದೇ ರೂಢಿಯನ್ನು ದಾಟಿಸುತ್ತೇವೆ.

ಆ ಪತ್ರದ ಮುಂಚಿನ ಭಾಗವನ್ನೂ ಓದಿಸಿ. ಪರೀಕ್ಷೆಯಲ್ಲಿ ಕೊಟ್ಟಿದ್ದು ಕೊನೆಯ ಭಾಗ ಮಾತ್ರ. 1930ರ ಮಾರ್ಚ್ 2ರಂದು ಸಾಬರಮತಿಯಿಂದ ಬರೆದದ್ದು. ಆರ್ಗ್ಯುಮೆಂಟ್ ಪ್ರಬಂಧಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ವೈಸ್‌ರಾಯ್ ಸಂಬಳದ ಮಾತು ಬರುತ್ತದೆ ಅಲ್ಲಿ. ತಿಂಗಳಿಗೆ 21,000 ರೂಪಾಯಿಗೂ ಮೇಲೆ. ನಮ್ಮಲ್ಲಿ ಯಾರೇ ಬರೆದಿದ್ದರೂ ಅಷ್ಟು ಹೇಳಿ, ಎಂಥ ಅನ್ಯಾಯ ಅಂತ ಕೂಗಿ ಮುಗಿಸುತ್ತಿದ್ದೆವು. ಗಾಂಧಿ ಅದನ್ನು ದಿನದ ಲೆಕ್ಕಕ್ಕೆ ಇಳಿಸುತ್ತಾರೆ. ದಿನಕ್ಕೆ 700 ರೂಪಾಯಿಗೂ ಹೆಚ್ಚು. ಅದರ ಎದುರು ಭಾರತೀಯನ ಸರಾಸರಿ ದಿನದ ಆದಾಯ ಇಡುತ್ತಾರೆ, 2 ಆಣೆಗೂ ಕಡಿಮೆ. ಅಲ್ಲಿಗೂ ಬಿಡುವುದಿಲ್ಲ. ಬ್ರಿಟನ್ನಿನ ಪ್ರಧಾನಿಯ ಸಂಬಳವನ್ನು ಅಲ್ಲಿಯ ಸರಾಸರಿ ಆದಾಯದ ಜೊತೆ ಹೋಲಿಸುತ್ತಾರೆ. ಅವರ ಪ್ರಧಾನಿ ಪಡೆಯುವುದು ಅಲ್ಲಿಯ ಸರಾಸರಿಯ 90 ಪಟ್ಟು. ವೈಸ್‌ರಾಯ್ ಪಡೆಯುವುದು ಇಲ್ಲಿಯ ಸರಾಸರಿಯ 5,000 ಪಟ್ಟಿಗೂ ಜಾಸ್ತಿ.

ಈಗ ಮೇಡಂ ಹೇಳಿದ ಕಾಮೆಂಟರಿ ಎಲ್ಲಿದೆ ಹುಡುಕಿ. 21,000 ಅನ್ನುವುದು ಬರೀ ಸಂಖ್ಯೆ. ಅಧಿಕಾರಿಗೆ ಸಂಬಳ ಇರಲೇಬೇಕಲ್ಲ ಅಂತ ಯಾರಾದರೂ ತಳ್ಳಿಹಾಕಬಹುದು. ನಿಮ್ಮ ದೇಶದಲ್ಲೇ ನೀವು ಒಪ್ಪದ ಅಂತರವನ್ನು ನಮ್ಮ ಮೇಲೆ ಹೇರಿದ್ದೀರಿ ಅಂದಾಗ ಆ ಬಾಗಿಲು ಮುಚ್ಚಿತು. ಇಂಗ್ಲಿಷಿನವನನ್ನು ಇಂಗ್ಲಿಷಿನವರ ಅಳತೆಯಲ್ಲೇ ಅಳೆದರು. ಇದರ ಜೊತೆಗೇ ಇನ್ನೊಂದು ಜಾಣತನ. ನಿಮ್ಮ ಮನಸ್ಸು ನೋಯಿಸುವ ಇಚ್ಛೆ ನನಗಿಲ್ಲ, ಈ ಸಂಬಳ ನಿಮಗೆ ಬೇಕಾಗಿಯೂ ಇಲ್ಲ ಅಂತ ನನಗೆ ಗೊತ್ತು, ನಾನು ದೂರುತ್ತಿರುವುದು ಈ ವ್ಯವಸ್ಥೆಯನ್ನು ಅನ್ನುವ ಅರ್ಥದ ಮಾತು. ಎದುರಾಳಿ ಏಳುವ ಮೊದಲೇ ಅವನ ಆಕ್ಷೇಪಕ್ಕೆ ಉತ್ತರ ಸಿಕ್ಕಿತು.

ಇದನ್ನು ಮೊಮ್ಮಗನಿಗೆ ತೋರಿಸಿದೆ. "ಅಜ್ಜ, ಇದು ಯೂನಿಟ್ ಕನ್ವರ್ಷನ್" ಅಂದ. ಇರಲಿ, ಅವನಿಗೆ ಹಾಗಾದರೂ ಹಿಡಿಯಿತು.

ಫ್ರಿಸ್ಕೋ_ಅಮ್ಮ

ಮೇಷ್ಟ್ರೇ, ಇದು ನನಗೂ ಹಿಡಿಯಿತು. ಪೂರ್ತಿ ಪತ್ರ ಇವತ್ತೇ ಓದಿಸುತ್ತೇನೆ. ಸಿಂಥೆಸಿಸ್ ಬಗ್ಗೆ ಯಾರಾದರೂ ಹೇಳಿ. ಅದರಲ್ಲಿ ಓದುವುದಕ್ಕೇ ಇವಳಿಗೆ ಅರ್ಧ ಟೈಮ್ ಹೋಗುತ್ತದೆ.

ಬ್ಲೂಬುಕ್_ಬದುಕಿದವ

ಆಂಟಿ, ನಾನು 2025ರಲ್ಲಿ ಬರೆದೆ. ಆ ವರ್ಷದಿಂದ ಪರೀಕ್ಷೆ ಪೂರ್ತಿ ಬ್ಲೂಬುಕ್ ಆ್ಯಪ್‌ನಲ್ಲಿ, ಎಲ್ಲ ಟೈಪಿಂಗ್. ಕೈಬರಹದಲ್ಲೇ ಪ್ರಾಕ್ಟೀಸ್ ಮಾಡಿಸುತ್ತಿದ್ದರೆ ಈಗಲೇ ಬದಲಿಸಿ. ಸ್ಕ್ರೀನ್ ಮೇಲೆ ಓದಿ ಸ್ಕ್ರೀನ್ ಮೇಲೆ ಬರೆಯುವುದು ಬೇರೆಯೇ ಅಭ್ಯಾಸ. ರಫ್ ಪೇಪರ್ ಇರುತ್ತದೆ, ನಾನು ಪ್ಲಾನ್ ಎಲ್ಲ ಅದರಲ್ಲೇ ಮಾಡಿದೆ.

ಪ್ರಬಂಧದ ಭಾಗಕ್ಕೆ ಒಟ್ಟು 2 ಗಂಟೆ 15 ನಿಮಿಷ. ಅದರಲ್ಲಿ 15 ನಿಮಿಷ ಓದಲು, ಒಂದೊಂದು ಪ್ರಬಂಧಕ್ಕೆ 40 ನಿಮಿಷ ಅಂತ ಅವರ ಲೆಕ್ಕ. ಆದರೆ ಗಡಿಯಾರ ಒಂದೇ. ಒಂದರಲ್ಲಿ ಜಾಸ್ತಿ ಕೂತರೆ ಇನ್ನೊಂದರ ಟೈಮ್ ಹೋಯಿತು. ಮೂರರಲ್ಲಿ ಯಾವುದನ್ನಾದರೂ ಮೊದಲು ಬರೆಯಬಹುದು. ನಾನು ಸಿಂಥೆಸಿಸ್ ಮೊದಲು ಮುಗಿಸಿದೆ, ಯಾಕೆಂದರೆ ಓದಿದ್ದು ಮರೆಯುವ ಮೊದಲು ಬರೆಯಬೇಕಿತ್ತು. ನನ್ನ ಫ್ರೆಂಡ್ ಆರ್ಗ್ಯುಮೆಂಟ್ ಮೊದಲು ಬರೆದಳು, ಏನೂ ಓದಬೇಕಾಗಿಲ್ಲ ಅಂತ. ಇಬ್ಬರೂ ಪಾಸು. ಇದರಲ್ಲಿ ರೂಲ್ ಏನಿಲ್ಲ.

ಸಿಂಥೆಸಿಸ್‌ಗೆ ಆರು ಸೋರ್ಸ್ ಕೊಡುತ್ತಾರೆ. ಚಿತ್ರವೋ ಗ್ರಾಫೋ ಇದ್ದೇ ಇರುತ್ತದೆ. ಕಡೇ ಪಕ್ಷ ಮೂರನ್ನು ಬಳಸಬೇಕು, ಎರಡೇ ಬಳಸಿದರೆ ಎವಿಡೆನ್ಸ್-ಕಾಮೆಂಟರಿಯ 4ರಲ್ಲಿ 1ರ ಮೇಲೆ ಏರುವುದಿಲ್ಲ. ಆರನ್ನೂ ಬಳಸಿದರೆ ಬೋನಸ್ ಏನಿಲ್ಲ ಆಂಟಿ, ಅದನ್ನು ಅವಳಿಗೆ ಹೇಳಿ. ನಾನು ನಾಲ್ಕು ಬಳಸಿದೆ.

ಟೈಮ್ ಉಳಿಸಲು ನಾನು ಮಾಡಿದ್ದು ಇಷ್ಟೇ. ಸೋರ್ಸ್ ಓದುವ ಮೊದಲೇ ಪ್ರಶ್ನೆಗೆ ನನ್ನ ಉತ್ತರ ಏನು ಅಂತ ರಫ್ ಪೇಪರಲ್ಲಿ ಒಂದು ಸಾಲು ಬರೆದೆ. ಆಮೇಲೆ ಸೋರ್ಸ್ ಓದುವಾಗ ಇವರು ನನ್ನ ಕಡೆಯಾ, ಎದುರು ಕಡೆಯಾ, ಅಥವಾ ನಾನು ಯೋಚಿಸದೇ ಇರುವುದನ್ನು ಹೇಳುತ್ತಿದ್ದಾರಾ ಅಂತ ಮಾತ್ರ ನೋಡಿದೆ. ಮೂರನೇ ಥರದ ಸೋರ್ಸ್ ಸಿಕ್ಕಿದ ಮೇಲೆ ನನ್ನ ಉತ್ತರವನ್ನು ಸ್ವಲ್ಪ ಬದಲಿಸಿದೆ.

ಕ್ಲಾಸ್‌ರೂಮ್_ಕನ್ನಡತಿ

ತಮ್ಮಾ, ನೀನು ಕೊನೆಯಲ್ಲಿ ಹೇಳಿದೆಯಲ್ಲ, ಉತ್ತರ ಬದಲಿಸಿದೆ ಅಂತ, ನನ್ನ ಪ್ರಕಾರ ಸಿಂಥೆಸಿಸ್ ಕೆಲಸ ಶುರುವಾಗುವುದು ಅಲ್ಲಿಂದ. ಉಳಿದದ್ದು ಕತ್ತರಿಸಿ ಅಂಟಿಸುವ ಕೆಲಸ. ಮಕ್ಕಳು ಸಾಮಾನ್ಯವಾಗಿ ಬರೆಯುವುದು ಹೀಗೆ: ಸೋರ್ಸ್ ಎ ಇದನ್ನು ಹೇಳುತ್ತದೆ. ಸೋರ್ಸ್ ಬಿ ಅದನ್ನು ಹೇಳುತ್ತದೆ. ಸೋರ್ಸ್ ಸಿ ಕೂಡ ಒಪ್ಪುತ್ತದೆ. ಓದುವವರಿಗೆ ಮೂವರ ಮಾತೂ ಕೇಳಿಸುತ್ತದೆ, ಬರೆದವಳ ಮಾತು ಕೇಳಿಸುವುದಿಲ್ಲ.

2023ರ ಪ್ರಶ್ನೆ ವರ್ಟಿಕಲ್ ಫಾರ್ಮ್ ಬಗ್ಗೆ ಇತ್ತು. ಕಟ್ಟಡದೊಳಗೆ ಮಹಡಿ ಮೇಲೆ ಮಹಡಿ ಗಿಡ ಬೆಳೆಸುವುದು, ಬಿಸಿಲಿನ ಬದಲು ಲೈಟು. ಕೃಷಿಯ ಮುಂದಿನ ದಿನಗಳಿಗೆ ಇದರಿಂದ ಏನು ಪ್ರಯೋಜನ, ಪ್ರಯೋಜನ ಇದ್ದರೆ, ಅಂತ ಕೇಳಿದ್ದರು. ಆ "ಇದ್ದರೆ" ಅನ್ನುವುದನ್ನು ಗಮನಿಸದೆ ಎಷ್ಟೋ ಮಕ್ಕಳು ಬರೀ ಹೊಗಳಿ ಬರೆಯುತ್ತಾರೆ. ನಮ್ಮ ಕ್ಲಾಸಲ್ಲೂ ಅದನ್ನೇ ಕೊಟ್ಟಿದ್ದೆ. ನೀರು ಕಡಿಮೆ ಸಾಕು, ಜಾಗ ಕಡಿಮೆ ಸಾಕು, ಆದ್ದರಿಂದ ಒಳ್ಳೆಯದು. ಎದುರು ಗುಂಪು ಕರೆಂಟ್ ಖರ್ಚು ಜಾಸ್ತಿ, ಆದ್ದರಿಂದ ಕೆಟ್ಟದ್ದು ಅಂದಿತು. ಎರಡೂ ಥರದ ಪ್ರಬಂಧ 3ಕ್ಕೆ ನಿಂತವು.

ಒಬ್ಬ ಹುಡುಗ ಮಾತ್ರ ಬೇರೆ ಥರ ಹೊರಟ. ಈ ಕಟ್ಟಡಗಳಲ್ಲಿ ಲಾಭಕ್ಕೆ ಬೆಳೆಯುವುದು ಹೆಚ್ಚಾಗಿ ಏನು? ಲೆಟಿಸ್, ಸೊಪ್ಪು, ಹರ್ಬ್ಸ್. ಗೋಧಿ, ಅಕ್ಕಿ ಬೆಳೆಯಲು ಬೇಕಾಗುವ ಬೆಳಕಿಗೆ ಕರೆಂಟ್ ಬಿಲ್ ಕಟ್ಟಿ ಪೂರೈಸುವುದಿಲ್ಲ. ಹಾಗಾದರೆ ನೀರು ಉಳಿಯುತ್ತದೆ ಅನ್ನುವವರೂ ಸರಿ, ಖರ್ಚು ಜಾಸ್ತಿ ಅನ್ನುವವರೂ ಸರಿ, ಅವರಿಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ಬೆಳೆಯ ಬಗ್ಗೆ. ಊರಿನ ಪಕ್ಕದಲ್ಲಿ ತಾಜಾ ಸೊಪ್ಪು ಸಿಗಬೇಕಾದರೆ ಇದು ಒಳ್ಳೆಯದು, ಜಗತ್ತಿನ ಹಸಿವಿಗೆ ಇದೇ ಮದ್ದು ಅನ್ನುವುದು ಅತಿಯಾಯಿತು. ಇದು ಅವನ ವಾದ. ಈಗ ನೋಡಿ, ಸೋರ್ಸ್‌ಗಳು ತಾವಾಗಿಯೇ ಒಂದಕ್ಕೊಂದು ಉತ್ತರ ಕೊಡುತ್ತವೆ. ನಡುವೆ ನಿಂತು ಮಾತಾಡಿಸುತ್ತಿರುವವನು ಅವನು.

ಉದ್ದುದ್ದ ಸಾಲು ಉದ್ಧರಿಸಬೇಕಾಗಿಲ್ಲ. ನಾಲ್ಕು ಪದ ಎತ್ತಿಕೊಂಡು ಬ್ರಾಕೆಟಲ್ಲಿ ಸೋರ್ಸ್ ಸಿ ಅಂತ ಹಾಕಿದರೆ ಸಾಕು. ಗ್ರಾಫ್ ಇದ್ದರೆ ಬಿಡಬೇಡಿ, ಓದಲು ಅದಕ್ಕೆ ಬಹಳ ಕಡಿಮೆ ಟೈಮ್ ಸಾಕು.

ಕೋರಮಂಗಲ_ಕೋಚ್

ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ಅಮೆರಿಕದ ಮಕ್ಕಳಿಗೆ ಎಪಿ ಹೇಳಿಕೊಡುತ್ತೇನೆ. ಕೋಚಿಂಗ್ ಬೇಕಾ ಅಂತ ಕೇಳಿದ್ದೀರಿ. ನನ್ನ ಹೊಟ್ಟೆಪಾಡು ಇದೇ ಆದರೂ ಹೇಳುತ್ತೇನೆ, ಒಳ್ಳೆಯ ಟೀಚರ್ ಸಿಕ್ಕಿದ್ದರೆ ಬೇಡ. ನಿಮ್ಮ ಮಗಳ ಟೀಚರ್ ನಾಲ್ಕು ಕಡೆ ಬರೆದ ಆ ಪ್ರಶ್ನೆ ಒಂದು ತಿಂಗಳ ಫೀಸಿಗೆ ಸಮ.

ಆರ್ಗ್ಯುಮೆಂಟ್ ಬಗ್ಗೆ ಇಲ್ಲಿ ಯಾರೂ ಹೆಚ್ಚು ಮಾತಾಡಿಲ್ಲ. ಅದರಲ್ಲಿ ಸೋರ್ಸ್ ಇರುವುದಿಲ್ಲ, ಆಧಾರವೆಲ್ಲ ತಲೆಯಿಂದಲೇ ಬರಬೇಕು. ಖಾಲಿ ತಲೆಯಲ್ಲಿ ಕೂತವರು ಹಿಟ್ಲರ್, ಸ್ಟೀವ್ ಜಾಬ್ಸ್, ಮಾರ್ಟಿನ್ ಲೂಥರ್ ಕಿಂಗ್ ಅಂತ ಮೂರು ಹೆಸರು ಹಿಡಿದು ಯಾವ ಪ್ರಶ್ನೆಗಾದರೂ ಹೊಂದಿಸುತ್ತಾರೆ. 2019ರಲ್ಲಿ ಬಂದದ್ದು ನೆನಪಿದೆಯಾ? ಯಾವುದಾದರೂ ಒಂದನ್ನು ಆರಿಸಿ, ಅದು ಯೋಗ್ಯತೆಗಿಂತ ಜಾಸ್ತಿ ಹೊಗಳಿಸಿಕೊಂಡಿದೆ ಅಂತ ವಾದಿಸಿ ಅನ್ನುವ ಅರ್ಥದ್ದು. ಸುಲಭ ಅಲ್ವಾ? ಮಕ್ಕಳು ಅಲ್ಲೇ ಜಾರುತ್ತಾರೆ. ಸೋಶಿಯಲ್ ಮೀಡಿಯಾ, ಕಾಲೇಜು, ಹಣ ಅಂತ ದೊಡ್ಡ ವಿಷಯ ಆರಿಸಿ, ಎಲ್ಲರೂ ಹೇಳಿದ್ದನ್ನೇ ಹೇಳುತ್ತಾರೆ.

ಸಣ್ಣ ವಿಷಯ ಆರಿಸಿಕೊಳ್ಳಲು ಹೇಳಿ. ಬೆಂಗಳೂರಿನ ಹವೆಯನ್ನೇ ತೆಗೆದುಕೊಳ್ಳಿ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಅದಕ್ಕೇ ತಂಪು. ಊರು ಬಿಟ್ಟು ಹೋದವರು ನೆನಪಲ್ಲಿ ಅದನ್ನೇ ಹೊಗಳುತ್ತಾರೆ. ಆದರೆ ಹವೆ ಚೆನ್ನಾಗಿದ್ದರೆ ಸಾಕಾ, ಟ್ರಾಫಿಕ್ಕಲ್ಲಿ ಕಿಟಕಿ ಮುಚ್ಚಿಕೊಂಡು ಕೂತವನಿಗೆ ಅದರಿಂದ ಏನು ಸಿಕ್ಕಿತು? ಒಂದು ಊರನ್ನು ಯಾವುದರಿಂದ ಅಳೆಯಬೇಕು ಅನ್ನುವಲ್ಲಿಗೆ ಮಾತು ಹೋಗುತ್ತದೆ. ಸಣ್ಣದರಿಂದ ಹೊರಟು ದೊಡ್ಡದಕ್ಕೆ ಬಂದರು.

ಮನೆಯ ಅನುಭವ ಬರೆಯಬಹುದಾ ಅಂತ ಎಲ್ಲ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಬರೆಯಬಹುದು, ಆದರೆ ನನ್ನ ಸಲಹೆ ಒಂದಕ್ಕಿಂತ ಜಾಸ್ತಿ ಬೇಡ. ಅಜ್ಜಿ ಕಥೆ ಎರಡು ಪ್ಯಾರಾ ಆದರೆ ವಾದ ಹೋಗಿ ಆತ್ಮಕಥೆ ಆಗುತ್ತದೆ.

ಕ್ಲಾಸ್‌ರೂಮ್_ಕನ್ನಡತಿ

ಕೋಚ್ ಸರ್, ಇದೊಂದನ್ನು ನಾನು ಒಪ್ಪುವುದಿಲ್ಲ. ಅಜ್ಜಿ ಕಥೆಯಿಂದ ತೊಂದರೆ ಇಲ್ಲ, ಅದರಿಂದ ಏನೂ ತೀರ್ಮಾನಿಸದೆ ಬಿಡುವುದರಿಂದ ತೊಂದರೆ. 2016ರ ಸಿಂಥೆಸಿಸ್ ಪ್ರಶ್ನೆ ನೋಡಿ, ಇಂಗ್ಲಿಷ್ ಒಂದೇ ಬರುವವರಿಗೆ ಇವತ್ತು ಅನನುಕೂಲ ಇದೆಯಾ ಅಂತ. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್ ಆಡುವ ಮಗುವಿಗೆ ಸೋರ್ಸ್‌ಗಳಲ್ಲಿ ಇಲ್ಲದೇ ಇರುವುದು ಗೊತ್ತಿದೆ. ಡಾಕ್ಟರ್ ಹತ್ತಿರ ಅಜ್ಜಿಗೆ ದುಭಾಷಿಯಾಗಿ ನಿಂತ ಹುಡುಗಿ, ಎರಡನೇ ಭಾಷೆಯಿಂದ ಕೆಲಸ ಸಿಗುತ್ತದಾ ಅನ್ನುವ ಲೆಕ್ಕವನ್ನು ದಾಟಿ, ಎರಡು ಭಾಷೆ ಬರುವವರ ಮೇಲೆ ಬೀಳುವ ಹೊರೆಯ ಬಗ್ಗೆಯೂ ಬರೆಯಬಲ್ಲಳು. ಅನುಕೂಲ ಅನ್ನುವ ಎಲ್ಲರ ನಡುವೆ ಹೊರೆಯೂ ಹೌದು ಅನ್ನುವ ಮಾತು ಎದ್ದು ಕಾಣುತ್ತದೆ. ನಮ್ಮ ಮಕ್ಕಳು ಅಮೆರಿಕನ್ ಉದಾಹರಣೆ ಕೊಟ್ಟರೇ ಅಂಕ ಬರುತ್ತದೆ ಅಂತ ತಮ್ಮ ಮನೆಯನ್ನು ಹೊರಗಿಟ್ಟು ಬರೆಯುವುದು ನೋಡಿದರೆ ನನಗೆ ಬೇಜಾರಾಗುತ್ತದೆ.

ಡಿಬೇಟ್ ಸರ್, ನಿಮ್ಮ ಟೆಂಪ್ಲೇಟ್‌ಗೆ ನನ್ನ ವಿರೋಧ ಇಲ್ಲ. ಪ್ರಬಂಧದಲ್ಲಿ 6ಕ್ಕೆ 2 ಬರುವ ಮಗುವನ್ನು ಅದು 4ಕ್ಕೆ ತರುತ್ತದೆ. ಆದರೆ ಎರಡು ವಾಕ್ಯ ವಿವರಣೆ ಅಂತ ಲೆಕ್ಕ ಕೊಟ್ಟರೆ ಮಕ್ಕಳು ಎರಡನೇ ವಾಕ್ಯದಲ್ಲಿ ಮೊದಲನೆಯದನ್ನೇ ಬೇರೆ ಪದದಲ್ಲಿ ಹೇಳುತ್ತಾರೆ. ಮೂರು ಪ್ಯಾರಾನೂ ಹಿಂದೆ ಮುಂದೆ ಮಾಡಿ ಓದಿ. ಅದಲು ಬದಲು ಮಾಡಿದರೂ ಏನೂ ವ್ಯತ್ಯಾಸ ಕಾಣದಿದ್ದರೆ ಅಲ್ಲಿ ತರ್ಕದ ಸರಣಿ ಇಲ್ಲ ಅಂತ ಅರ್ಥ.

ಡಿಬೇಟ್_ಅಪ್ಪ

ಮಗನ ಹಳೇ ಪ್ರಬಂಧ ತೆಗೆದು ಅದಲು ಬದಲು ಮಾಡಿ ನೋಡಿದೆ. ವ್ಯತ್ಯಾಸ ಕಾಣಲಿಲ್ಲ ಮೇಡಂ. 😄 ಆದರೂ 4 ಬಂತಲ್ಲ. ಎಲ್ಲ ಮಕ್ಕಳಿಗೂ 5 ಬೇಕಾಗಿಲ್ಲ ಅನ್ನುವುದು ನನ್ನ ವಾದ, ಅದನ್ನು ಬಿಡುವುದಿಲ್ಲ. ಮತ್ತೆ ಆ ಸೊಫಿಸ್ಟಿಕೇಶನ್ ಪಾಯಿಂಟ್ ಏನದು? ಮಗನ ಟೀಚರ್‌ಗೇ ಸರಿಯಾಗಿ ವಿವರಿಸಲು ಆಗಲಿಲ್ಲ.

ಕ್ಲಾಸ್‌ರೂಮ್_ಕನ್ನಡತಿ

ಅದರ ಹಿಂದೆ ಓಡಬೇಡಿ. ಕಷ್ಟದ ಇಂಗ್ಲಿಷ್ ಪದ ಹಾಕಿದರೆ ಸಿಗುತ್ತದೆ ಅಂತ ಮಕ್ಕಳು ಅಂದುಕೊಂಡಿದ್ದಾರೆ, ಸಿಗುವುದಿಲ್ಲ. ಕೊನೆಯಲ್ಲಿ "ಒಟ್ಟಾರೆ ಮಾನವಕುಲವೇ" ಅಂತ ಒಂದು ಸಾಲು ಸೇರಿಸಿದರೂ ಸಿಗುವುದಿಲ್ಲ. ವಿಷಯದೊಳಗಿನ ತಿಕ್ಕಾಟವನ್ನು ಪ್ರಬಂಧದ ಉದ್ದಕ್ಕೂ ಹಿಡಿದುಕೊಂಡು ಹೋದರೆ ಸಿಗುತ್ತದೆ. ಬೆದರಿಕೆಯಲ್ಲ ಅನ್ನುತ್ತಲೇ ತಾರೀಖು ಕೊಡುವ ಗಾಂಧಿ, ಸೊಪ್ಪಿಗೆ ಸರಿ ಅಕ್ಕಿಗೆ ಅಲ್ಲ ಅಂದ ಹುಡುಗ, ಆ ಥರ. ಕಾಮೆಂಟರಿ ಗಟ್ಟಿಯಾದವರಿಗೆ ಅದು ಒಮ್ಮೊಮ್ಮೆ ತಾನಾಗಿ ಬಂದುಬಿಡುತ್ತದೆ. ಬರದಿದ್ದರೂ ಪ್ರಬಂಧಕ್ಕೆ 6ರಲ್ಲಿ 5 ಇದೆಯಲ್ಲ.

ಎರಡನೇ_ಡ್ರಾಫ್ಟ್

ಎಲ್ಲ ಸರಿ, ಚಾಟ್‌ಜಿಪಿಟಿ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮ ಮನೆಯಲ್ಲಿ ಮಗ ಔಟ್‌ಲೈನ್ ಎಲ್ಲ ಅದರಿಂದಲೇ ಮಾಡಿಸುತ್ತಾನೆ. ಕೇಳಿದರೆ "ಎಲ್ಲರೂ ಮಾಡುತ್ತಾರೆ" ಅನ್ನುತ್ತಾನೆ.

ಬ್ಲೂಬುಕ್_ಬದುಕಿದವ

ಪರೀಕ್ಷೆಯಲ್ಲಿ ಬ್ಲೂಬುಕ್ ಬಿಟ್ಟು ಬೇರೆ ಏನೂ ತೆರೆಯಲು ಆಗುವುದಿಲ್ಲ. ಔಟ್‌ಲೈನ್ ಮಾಡುವುದೇ ಯೋಚನೆಯ ಕೆಲಸ, ಅದನ್ನು ಹೊರಗೆ ಕೊಟ್ಟವರು ಮೇ ತಿಂಗಳಲ್ಲಿ ಖಾಲಿ ಸ್ಕ್ರೀನ್ ನೋಡುತ್ತಾ ಕೂತರು. ನಮ್ಮ ಬ್ಯಾಚಲ್ಲೇ ಇದ್ದರು. ನಾನು ಅದನ್ನು ಬೇರೆ ಥರ ಬಳಸಿದೆ. ಪ್ರಬಂಧ ಪೂರ್ತಿ ನಾನೇ ಬರೆದು, ನನ್ನ ವಾದಕ್ಕೆ ಎದುರಾಗಿ ಮೂರು ಆಕ್ಷೇಪ ಹೇಳು ಅಂತ ಕೇಳುತ್ತಿದ್ದೆ. ಎರಡು ಸಪ್ಪೆ ಇರುತ್ತಿದ್ದವು, ಒಂದಕ್ಕೆ ಉತ್ತರ ಹುಡುಕಲು ತಲೆ ಕೆಡುತ್ತಿತ್ತು.

ಮಲ್ನಾಡ್_ಮೇಷ್ಟ್ರು

ಆ ಆಕ್ಷೇಪದ ಕೆಲಸವನ್ನು ಮನೆಯವರೇ ಮಾಡಬಹುದಲ್ಲ. ನಮ್ಮಲ್ಲಿ ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗ ಒಂದು ಮಾತು ಹೇಳಬೇಕು, ಸೊಸೆ ಅದನ್ನು ಕೆಡವಬೇಕು. ಸೊಸೆ ವಕೀಲರ ಮನೆಯವಳು, ಹುಡುಗ ಗೆಲ್ಲುವುದು ಅಪರೂಪ.

ಫ್ರಿಸ್ಕೋ_ಅಮ್ಮ

ಎಲ್ಲರಿಗೂ ಅಪ್ಡೇಟ್. ಪೂರ್ತಿ ಪತ್ರ ಓದಿದಳು. ಅದೇ ಪ್ರಬಂಧದ ಒಂದು ಪ್ಯಾರಾ ಮಾತ್ರ ಮತ್ತೆ ಬರೆದಳು. ಸಾರಾಂಶ ಕನ್ನಡದಲ್ಲಿ ಹಾಕುತ್ತಿದ್ದೇನೆ, ಮೇಡಂ ನೋಡಿ ಹೇಳಿ:

"ಬ್ರಿಟಿಷರನ್ನು ಸೋಲಿಸುತ್ತೇನೆ ಅಂತ ಗಾಂಧಿ ಹೇಳುವುದಿಲ್ಲ, ಅವರ ಮನಸ್ಸು ಬದಲಿಸುತ್ತೇನೆ ಅನ್ನುತ್ತಾರೆ. ಸೋಲು ಅಂದಿದ್ದರೆ ಇರ್ವಿನ್ ಸೈನ್ಯ ಕರೆಯುತ್ತಿದ್ದ. ತಪ್ಪನ್ನು ಕಾಣುವಂತೆ ಮಾಡುತ್ತೇನೆ ಅಂದಾಗ ಅವನು ಮೊದಲು ತನ್ನನ್ನೇ ನೋಡಿಕೊಳ್ಳಬೇಕಾಗುತ್ತದೆ. ಹೀಗೆ ಈ ಜಗಳದಲ್ಲಿ ಏನಾಗಬೇಕು ಅನ್ನುವ ತೀರ್ಮಾನವನ್ನು ವೈಸ್‌ರಾಯ್‌ನ ಮನಸ್ಸಾಕ್ಷಿಗೆ ಬಿಟ್ಟಂತೆ ತೋರಿಸಿ, ಮುಂದೆ ಕೊಡುವ ತಾರೀಖಿಗೆ ಅವನನ್ನೇ ಹೊಣೆ ಮಾಡುತ್ತಾರೆ."

ಇದರಲ್ಲಿ ಪೇಥೋಸ್ ಅಂತ ಎಲ್ಲೂ ಬರೆದಿಲ್ಲ, ಪರವಾಗಿಲ್ಲವಾ ಅಂತ ಅವಳಿಗೆ ಭಯ.

ಕ್ಲಾಸ್‌ರೂಮ್_ಕನ್ನಡತಿ

ಪರವಾಗಿಲ್ಲ. ಇದೇ ಥರ ಇನ್ನೆರಡು ಪ್ಯಾರಾ ಇದ್ದರೆ ನಾನು ಎವಿಡೆನ್ಸ್-ಕಾಮೆಂಟರಿಗೆ 4ಕ್ಕೆ 4 ಕೊಡುತ್ತೇನೆ. ಸೈನ್ಯ ಕರೆಯುತ್ತಿದ್ದ ಅನ್ನುವುದು ಮಾತ್ರ ಊಹೆ, ಬಲಪ್ರಯೋಗ ಸುಲಭವಾಗುತ್ತಿತ್ತು ಅಂತ ತಿದ್ದಲಿ. ಹೆಸರು ಹಾಕಲೇಬೇಕು ಅನ್ನಿಸಿದರೆ ಎದುರುಬದುರು ಇಟ್ಟು ಹೇಳುತ್ತಾರೆ ಅಂತ ಸರಳವಾಗಿ ಬರೆಯಲಿ.

ಇನ್ನೊಂದು. ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಎಪಿ ಸೆಂಟ್ರಲ್ ಸೈಟಲ್ಲಿ ಹಳೇ ಪ್ರಶ್ನೆ, ಮಕ್ಕಳು ಬರೆದ ಪ್ರಬಂಧ, ಯಾಕೆ ಅಷ್ಟು ಅಂಕ ಕೊಟ್ಟೆವು ಅನ್ನುವ ವಿವರಣೆ ಎಲ್ಲ ಉಚಿತವಾಗಿ ಸಿಗುತ್ತದೆ. ಅದರಲ್ಲಿ 3 ಮತ್ತು 5 ಬಂದ ಪ್ರಬಂಧಗಳನ್ನು ಅಕ್ಕಪಕ್ಕ ಇಟ್ಟು ಓದಿಸಿ. 2019ರವರೆಗಿನ ಪರೀಕ್ಷೆಗೆ 9ರ ಅಳತೆ ಇತ್ತು, 6ರದ್ದು ಬಂದಿದ್ದು 2020ರಿಂದ. ಹಾಗಾಗಿ ಹಳೆಯದರಲ್ಲಿ 6 ಕಂಡರೆ ಪೂರ್ತಿ ಅಂಕ ಅಂದುಕೊಳ್ಳಬೇಡಿ.

ಫ್ರಿಸ್ಕೋ_ಅಮ್ಮ

ಸಿಕ್ಕಿತು ಮೇಡಂ. ಮೂರು ವರ್ಷದ್ದು ಪ್ರಿಂಟ್ ಹಾಕಿಕೊಂಡೆ. ಶನಿವಾರ ಸಿಂಥೆಸಿಸ್ ಬರೆಸುತ್ತಿದ್ದೇನೆ, ಬ್ಲೂಬುಕ್ ತಮ್ಮಾ, ಟೈಪಿಂಗಲ್ಲೇ. ಮೇಷ್ಟ್ರೇ, ನಿಮ್ಮ ಮೊಮ್ಮಗ ಒಪ್ಪಿದರೆ ವಿಡಿಯೋ ಕಾಲಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸೋಣ, ಸೊಸೆಯವರೂ ಇರಲಿ.